ಮನೆ ನಾಯಿ ಹೋದಾಗ: ಗುಂಡಿಯ ಜಾಗ ಮೊದಲೇ ನೋಡಿಟ್ಟುಕೊಳ್ಳಿ

ಮಲ್ಲಿ ಹೋಗಿ ನಲವತ್ತು ದಿನವಾಯಿತು. 13 ವರ್ಷದ ನಾಡುನಾಯಿ. ಚೆನ್ನಾಗಿದ್ದಾಗ 19 ಕೆ.ಜಿ. ತೂಗುತ್ತಿದ್ದವಳು ಕೊನೆಗೆ ಹದಿಮೂರೂವರೆಗೆ ಇಳಿದಿದ್ದಳು. ಮೂತ್ರಪಿಂಡ ಕೈಕೊಟ್ಟಿತ್ತು. ಕಾಯಿಲೆ ಗೊತ್ತಾದ ದಿನದಿಂದ ಮಣ್ಣು ಮಾಡಿದ ದಿನದವರೆಗೆ ಹನ್ನೊಂದು ವಾರ. ಅಷ್ಟು ದಿನದಲ್ಲಿ ಔಷಧಿ, ಪಥ್ಯ, ನಾಟಿ ಮದ್ದು ಹೇಳುವವರು ಬೇಕಾದಷ್ಟು ಮಂದಿ ಸಿಕ್ಕರು. ಉಸಿರು ನಿಂತ ಮೇಲಿನ ಆರು ಗಂಟೆ ಏನು ಮಾಡಬೇಕು ಎಂದು ಹೇಳುವವರು ಮಾತ್ರ ಒಬ್ಬರೂ ಸಿಗಲಿಲ್ಲ. ಮೈಸೂರಿನ 30–40ರ ಸೈಟಿನಲ್ಲಿ ಕಾಂಪೌಂಡಿನವರೆಗೂ ಕಾಂಕ್ರೀಟು ಹಾಕಿಸಿಕೊಂಡು ನಾಯಿ ಸಾಕಿರುವವರಿಗೆ ಈ ಪ್ರಶ್ನೆ ಒಂದು ದಿನ ಬಂದೇ ಬರುತ್ತದೆ. ಬರೆದಿಡುತ್ತಿರುವುದು ಅದಕ್ಕೇ.

ಮೊದಲ ಸುಳಿವು ಕೊಟ್ಟಿದ್ದು ನೀರಿನ ಬಟ್ಟಲು. ದಿನಕ್ಕೆ ಎರಡು ಸಲ ತುಂಬಿಸುತ್ತಿದ್ದುದು ನಾಲ್ಕಾಯಿತು. "ಬೇಸಿಗೆ ಅಲ್ವಾ" ಎಂದುಕೊಂಡು ಮೂರು ವಾರ ಸುಮ್ಮನಿದ್ದೆವು, ಅದೇ ದೊಡ್ಡ ತಪ್ಪು. ಅಂದಾಜಿಗೆ ಬಿಡದೆ ಅಳೆದು ನೋಡಿ: ಬೆಳಗ್ಗೆ ಲೀಟರ್ ಬಾಟಲಿಯಿಂದ ಅಳತೆ ಮಾಡಿ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 50–60 ಮಿ.ಲೀ. ಸಾಮಾನ್ಯ. 100 ಮಿ.ಲೀ. ದಾಟಿದರೆ ಬಿಸಿಲನ್ನು ದೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಆಮೇಲೆ ಬಂದದ್ದು ರಾತ್ರಿ ಎದ್ದು ಬಾಗಿಲ ಬಳಿ ನಿಲ್ಲುವುದು, ಬೆನ್ನುಮೂಳೆ ಕೈಗೆ ಸಿಗುವುದು, ಬಾಯಿಂದ ಮೂತ್ರದಂಥ ವಾಸನೆ. ಆ ವಾಸನೆ ಹಲ್ಲಿನದೆಂದುಕೊಂಡು ಇನ್ನೊಂದಿಷ್ಟು ದಿನ ಹೋಯಿತು.

ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಹೊರಹಾಕಬೇಕಾದ ಕಸ, 4.1 ಬಂತು. ನಾಯಿಗಳಲ್ಲಿ ಈ ಕಾಯಿಲೆಯನ್ನು ನಾಲ್ಕು ಹಂತ ಮಾಡುತ್ತಾರೆ. 1.4ರಿಂದ 2.8ರವರೆಗೆ ಎರಡನೆಯದು, 2.9ರಿಂದ 5ರವರೆಗೆ ಮೂರನೆಯದು, 5 ದಾಟಿದರೆ ನಾಲ್ಕನೆಯದು. ಮೂರು ಎಂದರೆ ಅರ್ಧ ದಾರಿಯಲ್ಲವೇ ಎಂದು ಸಮಾಧಾನ ಪಡುವ ಹಾಗಿಲ್ಲ. ಮೂತ್ರಪಿಂಡದ ಕೆಲಸ ಮುಕ್ಕಾಲು ಪಾಲು ನಿಂತ ಮೇಲೆಯೇ ಈ ಸಂಖ್ಯೆ ಏರಲು ಶುರುವಾಗುವುದು. ಇನ್ನೊಂದು ಮಾತು: ಮೈಯಲ್ಲಿ ನೀರಿನಂಶ ಕಡಿಮೆಯಾಗಿರುವಾಗ ರಕ್ತ ತೆಗೆದರೆ ಕ್ರಿಯಾಟಿನಿನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಎರಡು-ಮೂರು ದಿನ ಡ್ರಿಪ್ ಕೊಟ್ಟು ಮತ್ತೆ ನೋಡಿದ ಮೇಲೆಯೇ ಹಂತ ನಿರ್ಧರಿಸಬೇಕು. ಮೂತ್ರ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಉಣ್ಣೆ ಜ್ವರದ ಪರೀಕ್ಷೆಗಳನ್ನೂ ಬಿಡಬೇಡಿ, ಏಕೆಂದರೆ ಉಣ್ಣೆ ಜ್ವರವೂ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ಗದ್ದೆ ಬಯಲಿನಲ್ಲಿ ಓಡಾಡುವ ನಾಯಿಯಾದರೆ ಇಲಿ ಜ್ವರವೂ ಅನುಮಾನದ ಪಟ್ಟಿಯಲ್ಲಿರಬೇಕು. ಅದು ಮೂತ್ರದಿಂದ ಮನುಷ್ಯರಿಗೂ ಹರಡುವಂಥದ್ದು. ಅದಲ್ಲ ಎಂದು ಖಾತ್ರಿಯಾಗುವವರೆಗೆ ನೆಲ ಒರೆಸುವವರು ಕೈಗವಸು ಹಾಕಿಕೊಳ್ಳಲಿ. ಮೊದಲ ದಿನದ ಬಿಲ್ಲು 3,400 ರೂಪಾಯಿ: ನೋಡಿದ್ದಕ್ಕೆ 300, ರಕ್ತಕ್ಕೆ 1,300, ಸ್ಕ್ಯಾನಿಗೆ 1,200, ಉಣ್ಣೆ ಜ್ವರಕ್ಕೆ 600.

ಚಿಕಿತ್ಸೆಯ ಮುಖ್ಯ ಭಾಗ ನಡೆದದ್ದು ಮನೆಯಲ್ಲೇ, ಚರ್ಮದಡಿ ಡ್ರಿಪ್ ಕೊಡುವುದು. ಕೈ ಪಳಗಲು ನಾಲ್ಕು ದಿನ ಬೇಕು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ. ಕಿಟಕಿಯ ಸರಳಿಗೆ ತೂಗುಹಾಕಿ. ಎರಡು ಭುಜದ ನಡುವಿನ ಸಡಿಲ ಚರ್ಮವನ್ನು ಗುಡಾರದಂತೆ ಮೇಲಕ್ಕೆತ್ತಿ, ಆ ಗುಡಾರದ ಬುಡಕ್ಕೆ ಮೈಗೆ ಸಮಾನಾಂತರವಾಗಿ ಸೂಜಿ ಚುಚ್ಚಿ. 20 ಗೇಜಿನ ಸೂಜಿಗಿಂತ 18 ಗೇಜಿನದು ದಪ್ಪ, ಆದರೆ ಬೇಗ ಮುಗಿಯುತ್ತದೆ. ಚುಚ್ಚಿದ ನೋವಿಗಿಂತ ಕಾಲು ಗಂಟೆ ಹಿಡಿದು ಕೂರಿಸುವುದೇ ನಾಯಿಗೆ ಹಿಂಸೆ. ಹನಿ ನಿಂತರೆ ಸೂಜಿಯನ್ನು ಕಾಲು ಸುತ್ತು ತಿರುಗಿಸಿ. ಮಲ್ಲಿಗೆ ದಿನಕ್ಕೆ 250 ಮಿ.ಲೀ. ಬರೆದುಕೊಟ್ಟಿದ್ದರು. ನಿಮ್ಮ ನಾಯಿಯ ಲೆಕ್ಕ ಅದರ ತೂಕ, ಹೃದಯ ನೋಡಿ ಡಾಕ್ಟರು ಹೇಳಬೇಕು. ನೀರಿನ ಗಡ್ಡೆ ಜಾರಿ ಮುಂಗಾಲಿಗೆ ಇಳಿದರೆ ಗಾಬರಿ ಬೇಡ, ಕೆಲವು ಗಂಟೆಯಲ್ಲಿ ಕರಗುತ್ತದೆ. ಮರುದಿನವೂ ಕರಗದೆ ಇದ್ದರೆ ಮಾತ್ರ ಮುಂದಿನ ಬಾಟಲಿ ಏರಿಸದೆ ಡಾಕ್ಟರಿಗೆ ತಿಳಿಸಿ.

ಇಲ್ಲಿ ಒಂದು ಎಡವಟ್ಟು ಆಗುವುದಿದೆ. ನಮ್ಮ ಕಡೆ ಎಲ್ಲ ಡ್ರಿಪ್ಪಿಗೂ ಹೆಸರು ಒಂದೇ, ಗ್ಲೂಕೋಸು. ಮೆಡಿಕಲ್ ಶಾಪಿನಲ್ಲಿ "ನಾಯಿಗೆ ಗ್ಲೂಕೋಸ್ ಬಾಟ್ಲಿ" ಎಂದರೆ ನಿಜವಾದ ಗ್ಲೂಕೋಸ್ ಇರುವುದನ್ನೇ ಕೊಟ್ಟುಬಿಡಬಹುದು. ಅದನ್ನು ಚರ್ಮದಡಿ ಕೊಡುವ ಹಾಗಿಲ್ಲ. ಬೇಕಾದದ್ದು ರಿಂಗರ್ ಲ್ಯಾಕ್ಟೇಟ್. ಬಾಟಲಿಯ ಮೇಲಿನ ಹೆಸರು ಓದಿಯೇ ದುಡ್ಡು ಕೊಡಿ. ಮನೆಯಲ್ಲಿ ಮನುಷ್ಯರಿಗೆ ತಂದಿಟ್ಟ ನೋವಿನ ಮಾತ್ರೆಯನ್ನು ಕನಿಕರಕ್ಕೂ ಕೊಡಬೇಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಎರಡೂ ಉಳಿದಿರುವ ಮೂತ್ರಪಿಂಡವನ್ನೂ ತಿನ್ನುತ್ತವೆ.

ಆರನೆಯ ವಾರದವರೆಗೆ ಚೆನ್ನಾಗಿಯೇ ಇತ್ತು. ಮೊಸರನ್ನ ತಿಂದಳು, ಗೇಟಿನ ಬಳಿ ಪೇಪರ್ ಹುಡುಗನಿಗೆ ಬೊಗಳಿದಳು. ಎಂಟನೆಯ ವಾರ ಬಾಯಲ್ಲಿ ಹುಣ್ಣು. ಒಂಬತ್ತನೆಯ ವಾರ ಕೋಳಿ ಸಾರಿನಲ್ಲಿ ಕಿವುಚಿದ ಮುದ್ದೆಯನ್ನೂ ಮೂಸಿ ಮುಖ ತಿರುಗಿಸಿದಳು. ಮಂಡ್ಯ ಕಡೆಯ ನಾಯಿ ಮುದ್ದೆ ಬಿಟ್ಟಿತೆಂದರೆ ಬೇರೆ ಪರೀಕ್ಷೆ ಬೇಕಿಲ್ಲ ಎಂದು ಮನೆಯ ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೂ ಕಣ್ಣೀರಿನಲ್ಲಿ ತೀರ್ಮಾನ ಮಾಡುವುದಕ್ಕಿಂತ ಕಾಗದದ ಮೇಲೆ ಮಾಡುವುದು ವಾಸಿ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದರು. ನೋವು, ಹಸಿವು, ಮೈಯಲ್ಲಿನ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚೇ ಎಂಬುದು, ಹೀಗೆ ಏಳು ಅಂಶ. ಒಂದೊಂದಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಟ್ಟು 35 ದಾಟಿದರೆ ಬದುಕು ಸಹನೀಯ, ಆರೈಕೆ ಮುಂದುವರಿಸಬಹುದು. ಮಲ್ಲಿಗೆ ಆರನೆಯ ವಾರ 48, ಒಂಬತ್ತನೆಯ ವಾರ 39, ಹನ್ನೊಂದನೆಯ ವಾರ 24.

ಈ ಅಂಕವನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಹಾಕಬೇಡಿ. ಬೇರೆ ಬೇರೆ ಚೀಟಿಯಲ್ಲಿ ಬರೆದು ಆಮೇಲೆ ಕೂಡಿಸಿ. ಒಂದೇ ದಿನ ಒಬ್ಬರು 41 ಕೊಟ್ಟರೆ ಇನ್ನೊಬ್ಬರು 26 ಕೊಟ್ಟಿದ್ದರು. ಹೆಚ್ಚು ಕೊಟ್ಟವರು ಯಾರೆಂದರೆ ರಾತ್ರಿ ಅವಳ ಪಕ್ಕ ಮಲಗುತ್ತಿದ್ದವರು. ಹತ್ತಿರದವರಿಗೆ ಬಾಲ ಆಡಿದ್ದಷ್ಟೇ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಗೋಡೆಗೆ ಹಣೆ ಒತ್ತಿ ನಿಂತದ್ದು ಬೆಳಗಾಗುವಷ್ಟರಲ್ಲಿ ಮರೆತಿರುತ್ತದೆ.

ದಯಾಮರಣದ ಮಾತು ಎತ್ತಿದಾಗ ಮನೆಯಲ್ಲಿ ಮೊದಲು ಬಂದದ್ದು ಪಾಪದ ಪ್ರಶ್ನೆ. "ಬಾಯಿಲ್ದ ಜೀವ ಕಣಪ್ಪಾ, ಅದರ ಪಾಪ ಕಟ್ಕೋಬ್ಯಾಡಿ" ಎಂದು ಅಜ್ಜಿ. ವಾದ ಮಾಡಲು ಹೋಗಬೇಡಿ, ಫಲವಿಲ್ಲ. ಎರಡು ರಾತ್ರಿ ಅವರ ಕೋಣೆಯ ಬಾಗಿಲ ಬಳಿಯೇ ಮಲ್ಲಿಯ ಹಾಸಿಗೆ ಹಾಕಿದ್ದಾಯಿತು. ಮೂರನೆಯ ಬೆಳಗ್ಗೆ ಅವರೇ "ಸಾಕು, ಬುಟ್ಬುಡ್ರಪ್ಪ ಅದನ್ನ" ಎಂದರು. ಕಾನೂನಿನ ಕಡೆಯಿಂದ ಅಡ್ಡಿಯಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಬದುಕಿಸಿಟ್ಟರೆ ಹಿಂಸೆಯೇ ಆಗುವ ಪ್ರಾಣಿಯ ವಿಚಾರದಲ್ಲಿ ಇದಕ್ಕೆ ಅವಕಾಶ ಕೊಡುತ್ತದೆ. ಅರ್ಹ ಪಶುವೈದ್ಯರೇ ಮಾಡಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ರಕ್ತ ಪರೀಕ್ಷೆಯ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟಿರಿ. ಹಿಂದೆ ನೋಡಿರದ ಡಾಕ್ಟರಾದರೆ ಅವನ್ನು ನೋಡದೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಮನೆಗೆ ಬರುವ ಡಾಕ್ಟರನ್ನು ಹುಡುಕಲು ಮೂರು ದಿನ ಹಿಡಿಯಿತು. ಒಬ್ಬರು ಮನೆಗೆ ಬರುವುದಿಲ್ಲ, ಇನ್ನೊಬ್ಬರು ಈ ಕೆಲಸವನ್ನೇ ಮಾಡುವುದಿಲ್ಲ, ಮತ್ತೊಬ್ಬರು ಬರುವುದು ಸೋಮವಾರದ ಮೇಲೆ. ನಾಯಿ ಇನ್ನೂ ತಿನ್ನುತ್ತಿರುವಾಗಲೇ ಇದನ್ನು ವಿಚಾರಿಸಿಡಿ. ಹಳ್ಳಿಯಲ್ಲಿರುವವರು 1962 ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ, ಅದು ಪಶು ಸಂಜೀವಿನಿ ತುರ್ತು ವಾಹನದ್ದು. ಡಾಕ್ಟರು ಸಿಕ್ಕ ಮೇಲೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಮೊದಲು ಮತ್ತಿನ ಇಂಜೆಕ್ಷನ್ ಕೊಡುತ್ತೀರಾ, ಆಮೇಲೆ ಯಾವ ಔಷಧಿ? ಪೆಂಟೊಬಾರ್ಬಿಟಾಲ್ ಅಥವಾ ಥಯೋಪೆಂಟೋನಿನಂಥ ಅರಿವಳಿಕೆಯ ಹೆಚ್ಚಿನ ಪ್ರಮಾಣ ಎಂದರೆ ಸರಿ. ಮೆಗ್ನೀಷಿಯಂ ಸಲ್ಫೇಟ್ ಅಥವಾ ಪೊಟ್ಯಾಷಿಯಂ ಕ್ಲೋರೈಡನ್ನು ಪೂರ್ತಿ ಪ್ರಜ್ಞೆ ತಪ್ಪಿದ ಮೇಲೆ ಕೊಡಬಹುದೇ ಹೊರತು ಎಚ್ಚರವಿರುವಾಗ ಕೊಡುವುದು ಕ್ರೌರ್ಯ. ಈ ಪ್ರಶ್ನೆಗೆ ಸಿಡುಕುವವರನ್ನು ಬಿಟ್ಟು ಬೇರೆಯವರನ್ನು ನೋಡಿ.

ಆ ದಿನ ಡಾಕ್ಟರು ಬಂದದ್ದು ಬೆಳಗ್ಗೆ ಹತ್ತೂವರೆಗೆ. ಮಲ್ಲಿ ತನ್ನ ಗೋಣಿಚೀಲದ ಮೇಲೆ, ಹಿಂಬಾಗಿಲ ಮೆಟ್ಟಿಲ ಬಳಿ. ಮೊದಲು ತೊಡೆಗೆ ಮತ್ತಿನ ಇಂಜೆಕ್ಷನ್. ಹತ್ತು ನಿಮಿಷದಲ್ಲಿ ತಲೆ ಭಾರವಾಯಿತು. ಕೆಲವು ಮತ್ತಿನ ಔಷಧಿಗೆ ನಾಯಿ ಒಂದು ಸಲ ವಾಂತಿ ಮಾಡುತ್ತದೆ, ಬಟ್ಟೆ ಕೈಯಲ್ಲಿರಲಿ. ಆಮೇಲಿನದು ತಡವಾಯಿತು. ಮುಂಗಾಲಿನ ರಕ್ತನಾಳ ಸಿಗಲೇ ಇಲ್ಲ. ಮೈ ಒಣಗಿತ್ತು, ಮತ್ತಿನಿಂದ ರಕ್ತದ ಒತ್ತಡ ಬೇರೆ ಇಳಿದಿತ್ತು. ಎರಡು ಸಲ ಚುಚ್ಚಿ, ಕೊನೆಗೆ ಹಿಂಗಾಲಿನಲ್ಲಿ ಸಿಕ್ಕಿತು. ಹೀಗಾಗುವುದುಂಟು, ಡಾಕ್ಟರ ಕೈಗುಣವನ್ನು ದೂರುವಂತಿಲ್ಲ. ಹಿಂದಿನ ದಿನವೇ ಕ್ಲಿನಿಕ್ಕಿನಲ್ಲಿ ಕ್ಯಾನುಲಾ (ರಕ್ತನಾಳದಲ್ಲಿ ಇಟ್ಟಿರುವ ಸಣ್ಣ ಕೊಳವೆ) ಹಾಕಿಸಿಕೊಂಡು ಬಂದಿದ್ದರೆ ಆ ಹತ್ತು ನಿಮಿಷ ಉಳಿಯುತ್ತಿತ್ತು. ನೀವು ಹಾಕಿಸಿ.

ಔಷಧಿ ಹೋದ ಮೇಲೆ ಒಂದೆರಡು ನಿಮಿಷಕ್ಕೆ ಉಸಿರು ನಿಂತಿತು. ಡಾಕ್ಟರು ಐದು ನಿಮಿಷ ಸ್ಟೆತಸ್ಕೋಪು ಇಟ್ಟುಕೊಂಡೇ ಕೂತಿದ್ದರು. ಇಲ್ಲಿ ಮೂರು ವಿಷಯ ಮೊದಲೇ ಗೊತ್ತಿರಬೇಕು. ಕಣ್ಣು ಮುಚ್ಚುವುದಿಲ್ಲ. ಉಸಿರು ನಿಂತ ಮೇಲೂ ಒಂದೆರಡು ಸಲ ಏದುಸಿರಿನಂತೆ ಎದೆ ಏಳಬಹುದು, ತುಟಿ ಅದುರಬಹುದು. ಮೂತ್ರ ಹೋಗುತ್ತದೆ. ಇದರಲ್ಲಿ ಯಾವುದೂ ನೋವಲ್ಲ, ಜೀವ ವಾಪಸ್ಸು ಬಂದದ್ದೂ ಅಲ್ಲ. ಗೊತ್ತಿಲ್ಲದಿದ್ದರೆ ಆ ಒಂದು ಏದುಸಿರು ತಿಂಗಳುಗಟ್ಟಲೆ ನಿದ್ದೆ ಕೆಡಿಸುತ್ತದೆ. 11 ಗಂಟೆ 5 ನಿಮಿಷ.

ಮೊದಲ ಅರ್ಧ ಗಂಟೆಯಲ್ಲಿ ಮಾಡಬೇಕಾದದ್ದು ಇಷ್ಟು. ಕಾಲುಗಳನ್ನು ಮಡಚಿ, ತಲೆಯನ್ನು ಹೊಟ್ಟೆಯ ಕಡೆ ಬಾಗಿಸಿ, ಚಳಿಗೆ ಮುದುರಿ ಮಲಗಿದಂತೆ ಮಾಡಿ. ಎರಡು-ಮೂರು ಗಂಟೆಯಲ್ಲಿ ಮೈ ಸೆಟೆಯಲು ಶುರುವಾಗುತ್ತದೆ. ಕಾಲು ಚಾಚಿಯೇ ಸೆಟೆದರೆ ಕಾರಿನ ಡಿಕ್ಕಿಯಲ್ಲೂ ಹಿಡಿಸದು, ಗುಂಡಿಯೂ ಎರಡು ಪಾಲು ಬೇಕು. ನಾಲಗೆಯನ್ನು ಒಳಕ್ಕೆ ಸರಿಸಿ ಬಾಯಿ ಮುಚ್ಚಿ. ಕೊರಳಪಟ್ಟಿ, ಕ್ಯಾನುಲಾ ತೆಗೆಯಿರಿ. ಹಿಂಭಾಗದಡಿ ಹಳೆಯ ಟವೆಲು ಮಡಚಿಡಿ, ಸ್ವಲ್ಪ ಸೋರುವುದುಂಟು. ನೀರು ತುಂಬಿ ಫ್ರೀಜರಿನಲ್ಲಿ ಇಟ್ಟ ನಾಲ್ಕು ಬಾಟಲಿಯನ್ನು ಬಟ್ಟೆ ಸುತ್ತಿ ಹೊಟ್ಟೆಗೆ, ಕತ್ತಿಗೆ ಒತ್ತಿಡಿ. ಬೇಸಿಗೆಯಲ್ಲಿ ಮೊದಲು ಕೆಡುವುದು ಹೊಟ್ಟೆ. ಸುತ್ತಲು ಹತ್ತಿಯ ಬಟ್ಟೆಯೇ ಇರಲಿ, ಪ್ಲಾಸ್ಟಿಕ್ ಬೇಡ. ಕಾರಿಗೆ ಮಾತ್ರ ಕೆಳಗೆ ಟಾರ್ಪಾಲು.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ತಂದು ತೋರಿಸಿ. ನಮ್ಮ ಇನ್ನೊಂದು ನಾಯಿ ಕರಿಯ ಬಂದು ಕಿವಿ ಮೂಸಿ, ಒಂದು ಸುತ್ತು ಹಾಕಿ, ದೂರ ಹೋಗಿ ಕೂತ. ಅಷ್ಟೇ.

ಇಷ್ಟೆಲ್ಲ ಮುಟ್ಟಿ ಮಾಡುವುದು ಕಾರಣ ಗೊತ್ತಿರುವ ಸಾವಿಗೆ ಮಾತ್ರ. ನಾಯಿ ಇದ್ದಕ್ಕಿದ್ದಂತೆ ಸ್ವಭಾವ ಬದಲಿಸಿ, ಜೊಲ್ಲು ಸುರಿಸಿ, ದನಿ ಒಡೆದು, ಕಾಲು ಸೋತು ನಾಲ್ಕಾರು ದಿನದಲ್ಲಿ ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಹೂಳಲು ಅವಸರ ಮಾಡಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ರೇಬೀಸ್ ಹೌದೋ ಅಲ್ಲವೋ ಎಂದು ಖಚಿತವಾಗುವುದು ಮೆದುಳಿನ ಪರೀಕ್ಷೆಯಿಂದಲೇ. ಕಚ್ಚಿಸಿಕೊಂಡವರು, ಜೊಲ್ಲು ಗಾಯಕ್ಕೆ ತಾಕಿಸಿಕೊಂಡವರು ಫಲಿತಾಂಶಕ್ಕೆ ಕಾಯದೆ ಅವತ್ತೇ ಲಸಿಕೆ ಶುರುಮಾಡಬೇಕು.

ಇನ್ನು ಗುಂಡಿ. ಪೇಟೆಯಲ್ಲಿ ಮಣ್ಣು ಇಲ್ಲದವರು ಪಾಲಿಕೆಯ ಆರೋಗ್ಯ ವಿಭಾಗವನ್ನು ವಿಚಾರಿಸಬಹುದು. ಚಾಮುಂಡಿ ಬೆಟ್ಟದ ತಪ್ಪಲಿಗೆ ರಾತ್ರಿ ಕೊಂಡೊಯ್ದು ಹೂತು ಬರುವ ಯೋಚನೆ ಬಿಡಿ, ಅದು ಮೀಸಲು ಅರಣ್ಯ. ನಾಲೆಗೋ ಕೆರೆಗೋ ಹಾಕುವವರ ಬಗ್ಗೆ ಹೇಳುವುದೇ ಬೇಡ. ನಮಗೆ ಪಾಂಡವಪುರದ ಕಡೆ ನೆಂಟರ ಗದ್ದೆ ಇತ್ತು, ಅದೊಂದೇ ಧೈರ್ಯ. ಗುಂಡಿಗೆ ಇಬ್ಬರಿಗೆ ಹೇಳಿಯೂ ಆಗಿತ್ತು. ಒಂದೂವರೆಗೆ ಅಲ್ಲಿ ಮುಟ್ಟಿದರೆ ಗುಂಡಿಯಲ್ಲಿ ಎರಡೂವರೆ ಅಡಿಗೇ ಒರತೆ ನೀರು. "ಕಟ್ಟು ನೀರು ಬುಟ್ಟವ್ರೆ ಕಣಣ್ಣಾ, ಇಲ್ಲಿ ಆಗಕಿಲ್ಲ. ದಿಣ್ಣೆ ಮ್ಯಾಕೆ ನಡೀರಿ" ಎಂದರು ಗುದ್ದಲಿ ಹಿಡಿದವರು.

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆ ಇರುವವರಿಗೆ ಇದು ಹೊಸದಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಬಿಟ್ಟು ಬಿಟ್ಟು ಸರದಿಯಂತೆ, ನಾಲೆಗೆ ನೀರು ಬಿಟ್ಟ ವಾರ ಸುತ್ತಲಿನ ಮಣ್ಣೆಲ್ಲ ಕುಡಿದು ತುಂಬಿಕೊಳ್ಳುತ್ತದೆ. ನಾಯಿ ಹೂಳುವ ಮನೆಯವರಿಗೆ ಅದು ಹೊಳೆದಿರುವುದಿಲ್ಲ. ನೀರು ನಿಂತ ಗುಂಡಿಯಲ್ಲಿ ದೇಹ ಸರಿಯಾಗಿ ಮಣ್ಣಾಗುವುದಿಲ್ಲ, ಉಬ್ಬಿ ಮೇಲಕ್ಕೆ ಬರುತ್ತದೆ, ಹತ್ತಿರದ ಬಾವಿಗೂ ಕೇಡು. ದಿಣ್ಣೆಯ ಮೇಲೆ ಹೊಂಗೆ ಮರದ ಆಚೆ ಬೇರೆ ಜಾಗ ಗುರುತಿಸಿದ್ದಾಯಿತು, ಬೋರ್‌ವೆಲ್ಲಿಗೆ ನೂರಡಿ ಅಂತರ ಬಿಟ್ಟು. ಅಲ್ಲಿ ಮೇಲಿನ ಒಂದಡಿ ಕೆಂಪು ಮಣ್ಣು, ಕೆಳಗೆ ಗಟ್ಟಿ ಮೊರಡು. ಹಾರೆ ಹಾಕಿ ಎಬ್ಬಿಸಬೇಕಾಯಿತು. ಜೆಸಿಬಿ ಕರೆಸೋಣವೆಂದರೆ ಆಳೆತ್ತರದ ಕಬ್ಬು ದಾಟಿ ಬರಲು ದಾರಿಯಿಲ್ಲ. ಗುಂಡಿ ಮುಗಿದದ್ದು ಐದೂಕಾಲಿಗೆ. ಅಷ್ಟು ಹೊತ್ತೂ ಮಲ್ಲಿ ಬೇವಿನ ನೆರಳಿನಲ್ಲಿ, ಕರಗುತ್ತಿದ್ದ ನೀರಿನ ಬಾಟಲಿಗಳ ನಡುವೆ. ಆ ಮೂರೂಮುಕ್ಕಾಲು ಗಂಟೆಯ ಸಂಕಟ ಪೂರ್ತಿ ತಪ್ಪಿಸಬಹುದಾಗಿದ್ದದ್ದು. ನಾಯಿ ಉಸಿರಾಡುತ್ತಿರುವಾಗ ಅದರ ಗುಂಡಿಯ ಬಗ್ಗೆ ಮಾತಾಡುವುದು ಅಪಶಕುನವೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರ ಫಲ ಅದು. ಜಾಗ ನೋಡಿ, ಒಂದಾಳು ಕರೆದು ನಾಲ್ಕಡಿ ತೆಗೆಸಿ ನೋಡಿ, ನೀರು ಬಂದರೆ ಬೇರೆ ಕಡೆ ನೋಡಿ. ತೆಗೆದ ಗುಂಡಿಯನ್ನು ಹಾಗೇ ಬಾಯಿ ತೆರೆದಿಡದೆ ಮುಚ್ಚಿಸಿ, ಸಡಿಲ ಮಣ್ಣನ್ನು ಮತ್ತೆ ತೆಗೆಯಲು ಅರ್ಧ ಗಂಟೆ ಸಾಕು.

ಅಳತೆ ಹೇಳುವುದಾದರೆ, ಮುದುರಿ ಮಲಗಿಸಿದ 14–20 ಕೆ.ಜಿ. ನಾಯಿಗೆ ಮೂರಡಿ ಉದ್ದ, ಎರಡೂಕಾಲು ಅಡಿ ಅಗಲ, ನಾಲ್ಕಡಿ ಆಳ. ದೇಹದ ಮೇಲೆ ಮೂರಡಿ ಮಣ್ಣು ಬೀಳಲೇಬೇಕು. ಇಂಜೆಕ್ಷನ್ನಿನಲ್ಲಿ ಸತ್ತ ನಾಯಿಗೆ ಇದು ಇನ್ನೂ ಮುಖ್ಯ. ಆ ಔಷಧಿ ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ, ಅಗೆದು ತಿಂದ ನಾಯಿ, ನರಿ, ಹದ್ದುಗಳೂ ಸಾಯುತ್ತವೆ. 2012ರಲ್ಲಿ ರಣಹದ್ದು ಧಾಮವಾದ ರಾಮದೇವರ ಬೆಟ್ಟ ಮಂಡ್ಯಕ್ಕೆ ಹೆಚ್ಚು ದೂರವೇನಲ್ಲ.

ಉಪ್ಪಿನ ವಿಷಯದಲ್ಲಿ ಜಗಳವೇ ನಡೆಯಿತು. ಒಂದು ಮೂಟೆ ಸುರಿಯಬೇಕೆಂದು ಎಲ್ಲರೂ ಹೇಳುತ್ತಾರೆ. ಉಪ್ಪು ಕೊಳೆಯುವುದನ್ನು ನಿಧಾನ ಮಾಡುತ್ತದೆಯೇ ಹೊರತು ಬೇಗ ಮಣ್ಣು ಮಾಡುವುದಿಲ್ಲ. ಜೊತೆಗೆ ಅಲ್ಲಿ ಗಿಡ ನೆಟ್ಟರೆ ಬೇರು ಸುಡುತ್ತದೆ. ಶಾಸ್ತ್ರಕ್ಕೆಂದು ಎರಡು ಕೆ.ಜಿ. ಕಲ್ಲುಪ್ಪು ಹಾಕಿ ಎಲ್ಲರ ಬಾಯಿ ಮುಚ್ಚಿಸಿದ್ದಾಯಿತು. ಸುಟ್ಟ ಸುಣ್ಣ ಬೇಡ, ತೇವದ ಮಣ್ಣಿನಲ್ಲಿ ಕುದಿಯುತ್ತದೆ. ಅರ್ಧ ಮಣ್ಣು ತುಂಬಿದ ಮೇಲೆ ತುಳಿದು ಗಟ್ಟಿ ಮಾಡಿ, ಮೇಲಿನ ಒಂದಡಿ ಬಾಕಿ ಇರುವಾಗ ಚಪ್ಪಡಿ ಕಲ್ಲು ಹಾಸಿ, ಆಮೇಲೆ ಉಳಿದ ಮಣ್ಣು, ಕೊನೆಗೆ ಜಾಲಿ ಮುಳ್ಳು. ಕಲ್ಲು ಹಾಸದೆ ಮುಳ್ಳು ಮಾತ್ರ ಹಾಕಿ ಬಂದದ್ದು ನಮ್ಮ ಎರಡನೆಯ ತಪ್ಪು. ಮೂರನೆಯ ದಿನ ಹಾಲು-ತುಪ್ಪ ಬಿಡಬೇಕೆಂದು ಅಜ್ಜಿ ಹಟ ಹಿಡಿದರು, ಬಿಟ್ಟಿದ್ದೂ ಆಯಿತು. ಮರುದಿನ ನೋಡಿದರೆ ತುಪ್ಪದ ವಾಸನೆಗೆ ಊರ ನಾಯಿಗಳು ಮುಳ್ಳು ಸರಿಸಿ ಒಂದು ಮೂಲೆಯನ್ನು ಅಡಿಯಷ್ಟು ಕೆರೆದಿದ್ದವು. ಹಾಲು-ತುಪ್ಪ ಬಿಡುವವರು ಬದುವಿನ ಮೇಲೆ ಬೇರೆ ಕಡೆ ಎಲೆ ಇಟ್ಟು ಬಿಡಿ.

ಆ ದಿನದ ಖರ್ಚು: ಡಾಕ್ಟರಿಗೆ 3,000, ಎರಡು ಗುಂಡಿಗೆ 2,400, ಬಟ್ಟೆ, ಉಪ್ಪು, ಹೂವಿಗೆ 350.

ಗುಂಡಿ ತೆಗೆಯುವಾಗ ದಾರಿಯಲ್ಲಿ ಹೋಗುವವರು ನಿಂತು ಕೇಳಿದ್ದು ಒಂದೇ ಮಾತು: "ಒಂದ್ ನಾಯ್ಗೆ ಇಷ್ಟೊಂದಾ?" ಇದಕ್ಕೆ ಉತ್ತರ ಮಂಡ್ಯ ಜಿಲ್ಲೆಯಲ್ಲೇ ಇದೆ, ಅದೂ ಸಾವಿರ ವರ್ಷಕ್ಕಿಂತ ಹಳೆಯದು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. 949ರಲ್ಲಿ ತಕ್ಕೋಲದಲ್ಲಿ ಚೋಳರ ರಾಜಾದಿತ್ಯ ಬಿದ್ದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೇರ ಶೌರ್ಯ ತೋರಿದ. ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ರಾಷ್ಟ್ರಕೂಟ ಮೂರನೆಯ ಕೃಷ್ಣನ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಂದಕ್ಕೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದೆಂದು ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. "ಇಷ್ಟೊಂದಾ" ಎನ್ನುವವರಿಗೆ ಇದನ್ನು ಹೇಳಿ. ನಮಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಕಾಗದಪತ್ರದ ಕೆಲಸ ಚಿಕ್ಕದು, ಆದರೆ ಡಾಕ್ಟರು ಗೇಟು ದಾಟುವ ಮುಂಚೆಯೇ ಮಾಡಿಸಿಕೊಳ್ಳಿ. ಲಸಿಕೆ ಪುಸ್ತಕದ ಕೊನೆಯ ಪುಟದಲ್ಲಿ ದಿನಾಂಕ, ಕಾರಣ, ಸಹಿ, ಮೊಹರು. ಮೈಕ್ರೋಚಿಪ್ ಇದ್ದರೆ ಆ 15 ಅಂಕಿಯನ್ನೂ ಬರೆಸಿ. ಪಾಲಿಕೆಯಲ್ಲಿ ಪರವಾನಗಿ ಮಾಡಿಸಿದ್ದರೆ ರದ್ದು ಮಾಡಿಸಲು ಇದೇ ಆಧಾರ. ವಿಮೆ ಇದ್ದರೆ ಹೂಳುವ ಮೊದಲೇ ಕಂಪನಿಗೆ ತಿಳಿಸಿ ಫೋಟೋ ತೆಗೆದಿಡಿ, ಆಮೇಲೆ ಸಾಬೀತು ಮಾಡುವುದು ಕಷ್ಟ. ಕ್ಲಿನಿಕ್ಕಿಗೆ ಫೋನು ಮಾಡಿ ಹೆಸರು ತೆಗೆಸಿ. ಇಲ್ಲದಿದ್ದರೆ "ಮಲ್ಲಿಯ ಲಸಿಕೆ ಬಾಕಿ ಇದೆ" ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಇಪ್ಪತ್ತೆರಡನೆಯ ದಿನ ಬಂತು. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕ್ಲಿನಿಕ್ಕಿಗೇ ಕೊಡಿ, ಕಸದ ಗಾಡಿಯವರ ಕೈಗೆ ಚುಚ್ಚದಿರಲಿ. ಒಡೆಯದ ರಿಂಗರ್ ಲ್ಯಾಕ್ಟೇಟ್ ಬಾಟಲಿಗಳೂ ಅಲ್ಲಿ ಬೇರೆ ನಾಯಿಗೆ ಆಗುತ್ತವೆ. ಮೂತ್ರಪಿಂಡದ ಪಥ್ಯದ ಆಹಾರ ಉಳಿದಿದ್ದರೆ ಬೀದಿಯ ಮರಿಗಳಿಗೆ ಹಾಕಬೇಡಿ, ಬೆಳೆಯುವ ಮರಿಗೆ ಅದರಲ್ಲಿ ಸತ್ವ ಸಾಲದು.

ಮನಸ್ಸಿನ ವಿಷಯಕ್ಕೆ ಬಂದರೆ, ಮೊದಲ ವಾರ ಅಳು ಬರುವುದು ನಿರೀಕ್ಷಿಸಿದ ಹೊತ್ತಿನಲ್ಲಲ್ಲ. ಹಾಲಿನ ಪಾಕೆಟ್ಟು ಕತ್ತರಿಸುವಾಗ, ಗೇಟಿನ ಚಿಲಕ ಹಾಕುವಾಗ, ನೆಲದ ಮೇಲೆ ಉಗುರಿನ ಸದ್ದು ಕೇಳಿಸಿದಂತಾದಾಗ. ಆ ಸದ್ದು ಕೇಳುವುದು ಭ್ರಮೆಯಲ್ಲ, ಹುಚ್ಚೂ ಅಲ್ಲ. 13 ವರ್ಷ ಒಂದೇ ಸದ್ದಿಗೆ ಕಾದ ಕಿವಿ ಅಷ್ಟು ಬೇಗ ಬಿಡುವುದಿಲ್ಲ. ದಯಾಮರಣ ಕೊಡಿಸಿದ ಮನೆಯಲ್ಲಿ ದುಃಖಕ್ಕಿಂತ ಗಟ್ಟಿಯಾಗಿ ಕೂರುವುದು ತಪ್ಪಿತಸ್ಥ ಭಾವ. ಮೊದಲು "ಅವಸರ ಮಾಡಿದೆವಾ", ಎರಡು ದಿನ ಬಿಟ್ಟು "ತಡ ಮಾಡಿದೆವಾ". ಎರಡೂ ಒಂದೇ ಮನಸ್ಸಿಗೆ ಬರುತ್ತವೆ. ಆ ಅಂಕದ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. 24 ಎಂದು ತಮ್ಮದೇ ಕೈಬರಹದಲ್ಲಿ ನೋಡಿದಾಗ ಸ್ವಲ್ಪ ಉಸಿರು ಬರುತ್ತದೆ.

ಸಮಾಜ ಒಪ್ಪಿ ಗೌರವಿಸದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲೇ ಬರೆದಿದ್ದಾರೆ. ಮನುಷ್ಯ ಸತ್ತರೆ ರಜೆ ಉಂಟು, ಸೂತಕ ಉಂಟು, ಮನೆಗೆ ಬಂದು ಕೂರುವವರುಂಟು. ನಾಯಿ ಸತ್ತರೆ ಸೋಮವಾರ ಬೆಳಗ್ಗೆ ಆಫೀಸು. "ಇನ್ನೊಂದು ಮರಿ ತಂದ್ಕೊಳಿ" ಎನ್ನುವವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಅವರಿಗೆ ಬೇರೆ ಮಾತು ಗೊತ್ತಿಲ್ಲ. ನಾಯಿ ಸಾಕಿ ಕಳೆದುಕೊಂಡ ಒಬ್ಬರನ್ನು ಹುಡುಕಿ ಅವರ ಹತ್ತಿರ ಮಾತಾಡಿ. ಊಟ-ನಿದ್ದೆ ವಾರಗಟ್ಟಲೆ ಕೆಟ್ಟರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಕ್ಕಳಿಗೆ "ಮಲಗಿಸಿದರು", "ಊರಿಗೆ ಹೋಗಿದೆ" ಎನ್ನಬೇಡಿ. ಮಲಗಿದರೆ ತಾನೂ ಏಳುವುದಿಲ್ಲವೇನೋ ಎಂದು ಮಗು ರಾತ್ರಿ ಹೆದರುತ್ತದೆ, ಊರಿಗೆ ಹೋಗಿದೆಯೆಂದರೆ ಪ್ರತಿ ಬಸ್ಸಿಗೂ ಕಾಯುತ್ತದೆ. ಸತ್ತುಹೋಯಿತು, ಮೈ ಕೆಲಸ ನಿಲ್ಲಿಸಿತು, ಇನ್ನು ನೋವಿಲ್ಲ, ವಾಪಸ್ಸು ಬರುವುದಿಲ್ಲ ಎಂದು ನೇರವಾಗಿ ಹೇಳಿ. ನಮ್ಮ ಮನೆಯ ಏಳು ವರ್ಷದವಳು ಕೇಳಿದ್ದು ಒಂದೇ: "ಮಣ್ಣೊಳಗೆ ಅವಳಿಗೆ ಸೆಕೆ ಆಗಲ್ವಾ?"

ಉಳಿದ ನಾಯಿಯ ಕಡೆಯೂ ಕಣ್ಣಿರಲಿ. 2022ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ, ಜೊತೆಗಾರ ನಾಯಿ ಸತ್ತ ಮೇಲೆ ಉಳಿದ ನಾಯಿಯ ನಡವಳಿಕೆ ಕೆಟ್ಟಿತೆಂದು 426 ಮಂದಿಯಲ್ಲಿ ನೂರಕ್ಕೆ 86ರಷ್ಟು ಜನ ಹೇಳಿದ್ದರು. ಕರಿಯ ಎರಡು ದಿನ ಅರ್ಧ ಊಟ ಮಾಡಿದ, ಹಿಂಬಾಗಿಲ ಗೋಣಿಚೀಲದ ಮೇಲೆ ಮಲಗಿದ. ಚೀಲವನ್ನು ಒಗೆಯದೆ ಹತ್ತು ದಿನ ಹಾಗೇ ಬಿಟ್ಟಿದ್ದು ಒಳ್ಳೆಯದಾಯಿತು. ಊಟ, ತಿರುಗಾಟದ ಹೊತ್ತು ಒಂದಿಷ್ಟೂ ಬದಲಾಗದಿರಲಿ. ಎರಡು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಅದನ್ನು ದುಃಖವೆಂದು ಬಿಡದೆ ಪರೀಕ್ಷೆ ಮಾಡಿಸಿ, ಅದೇ ಉಣ್ಣೆ ಅದಕ್ಕೂ ಕಚ್ಚಿರಬಹುದು.

ಹೊಸ ಮರಿಯ ಮಾತು ಈಗಲೇ ಬೇಡ. ಸತ್ತದ್ದು ಪಾರ್ವೋ ಎಂಬ ವಾಂತಿ-ಭೇದಿಯ ಅಂಟುರೋಗದಿಂದಾದರೆ ಅವಸರ ಮಾಡುವ ಹಾಗೇ ಇಲ್ಲ. ಆ ವೈರಾಣು ಅಂಗಳದ ಮಣ್ಣಿನಲ್ಲಿ ವರ್ಷದವರೆಗೂ ಉಳಿಯಬಲ್ಲದು.

ನಲವತ್ತನೆಯ ದಿನ ಗದ್ದೆಗೆ ಹೋದಾಗ ಗುಂಡಿಯ ಮೇಲಿನ ಮಣ್ಣು ಗೇಣುದ್ದ ಕುಸಿದಿತ್ತು. ಕುಸಿಯಲೇಬೇಕು, ಒಳಗೆ ಮಣ್ಣಾಗುತ್ತಿರುವುದರ ಗುರುತು ಅದು. ಮೊದಲೇ ಅರ್ಧ ಅಡಿ ದಿಬ್ಬ ಬಿಟ್ಟು ಬಂದಿದ್ದರೆ ಹಳ್ಳ ಬೀಳುತ್ತಿರಲಿಲ್ಲ, ಮಳೆ ನೀರು ನಿಲ್ಲುತ್ತಿರಲಿಲ್ಲ. ಆರು ಮಂಕರಿ ಕೆಂಪು ಮಣ್ಣು ಸುರಿದು, ಈ ಸಲ ಚಪ್ಪಡಿಯನ್ನೂ ಹಾಸಿ, ಮೇಲೆ ಮತ್ತೆ ಮಣ್ಣು ಎಳೆದು ಬಂದಿದ್ದೇವೆ. ಸಂಪಿಗೆ ಸಸಿ ತಂದಿಟ್ಟಿದೆ. ಮುಂಗಾರು ಹಿಡಿದ ಮೇಲೆ ಗುಂಡಿಯ ಮೇಲಲ್ಲ, ಉಪ್ಪು ತಾಕದಂತೆ ಮೂರಡಿ ಆಚೆ ನೆಡಬೇಕು.